ರಿಪೋರ್ಟಿನಲ್ಲಿ ಕಾಣದ ಎಚ್‌ಐವಿ ಎಲ್ಲಿಗೂ ಹೋಗಿರುವುದಿಲ್ಲ

ಈ ಭಾನುವಾರ ಕುಮಟಾದಲ್ಲಿ ನಡೆದ ಆರೋಗ್ಯ ಉಪನ್ಯಾಸದಲ್ಲಿ ಭಾಷಣಕಾರರೊಬ್ಬರು ಎಚ್‌ಐವಿ ಸೋಂಕಿತರೊಬ್ಬರ ವೈರಲ್ ಲೋಡ್ ವರದಿಯನ್ನು ಎತ್ತಿ ಹಿಡಿದು, "ವೈರಸ್ ಪತ್ತೆಯಾಗಿಲ್ಲ ಎಂದು ಲ್ಯಾಬಿನವರೇ ಬರೆದುಕೊಟ್ಟಿದ್ದಾರೆ, ಇನ್ನು ಮಾತ್ರೆ ಯಾಕೆ?" ಎಂದು ಕೇಳಿದರು. ಸಭೆ ಚಪ್ಪಾಳೆ ತಟ್ಟಿತು. ಪಕ್ಕದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, "ಹೌದಲ್ಲ ಅಕ್ಕೋರೇ, ರಿಪೋರ್ಟಲ್ಲೇ ಇಲ್ಲ ಅಂದ್ಮೇಲೆ ಮಾತ್ರೆ ಎಂತಕ್ಕೆ?" ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ವೇದಿಕೆಯ ಮೇಲೆ ನಿಂತು ಹಾಗೆ ಹೇಳಿದವರ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ನಿವೃತ್ತಿಯವರೆಗೂ ಜೀವಕೋಶದ ಪಾಠವನ್ನೇ ಮಾಡಿದ ನಾನು ಇದಕ್ಕೆ ಸುಮ್ಮನಿರಲಾರೆ ಎಂದು ನಿಮಗೆಲ್ಲ ಗೊತ್ತಿದೆ.

ವೈರಲ್ ಲೋಡ್ ಪರೀಕ್ಷೆ ಅಳೆಯುವುದು ರಕ್ತದ ದ್ರವಭಾಗದಲ್ಲಿ ತೇಲುತ್ತಿರುವ ವೈರಸ್ಸಿನ ಆರ್‌ಎನ್‌ಎಯನ್ನು. ಆದರೆ ಎಚ್‌ಐವಿ ರಕ್ತದಲ್ಲಿ ತೇಲುವುದಷ್ಟೇ ಅಲ್ಲ, ರೋಗನಿರೋಧಕ ಶಕ್ತಿಯ ಭಾಗವಾದ ಸಿಡಿ4 ಎಂಬ ಬಿಳಿ ರಕ್ತಕೋಶವನ್ನು ಹೊಕ್ಕು ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಮಾರ್ಪಡಿಸಿ, ನಮ್ಮದೇ ವರ್ಣತಂತುವಿನೊಳಗೆ ಸೇರಿಸಿಬಿಡುತ್ತದೆ. ಆ ಸೇರ್ಪಡೆಯ ಜಾಗಕ್ಕೆ ಅದನ್ನು ಕರೆದೊಯ್ಯುವುದೂ ಎಲ್‌ಇಡಿಜಿಎಫ್ ಎಂಬ ನಮ್ಮದೇ ಪ್ರೋಟೀನು. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದಲ್ಲಿ ಕಡಲಿನತ್ತ ನೋಡಿ ಬೋಟುಗಳನ್ನು ಎಣಿಸಿದರೆ ಒಂದೂ ಸಿಗುವುದಿಲ್ಲ, ಬೋಟುಗಳೆಲ್ಲ ತದಡಿ ಬಂದರಿನಲ್ಲಿ ಎಂಜಿನ್ನಿನ ಸಮೇತ ನಿಂತಿರುತ್ತವೆ. ಆ ವರದಿ ಹೇಳುವುದೂ ಕಡಲಿನ ಲೆಕ್ಕವನ್ನಷ್ಟೇ.

ಹಾಗೆ ಸೇರಿಕೊಂಡ ವೈರಸ್ಸನ್ನು ಸುಮ್ಮನಿರಿಸುವವರು ಯಾರು ಎಂಬುದೇ ಈ ವಿಷಯದಲ್ಲಿ ನನ್ನನ್ನು ಅತ್ಯಂತ ಬೆರಗುಗೊಳಿಸುವ ಸಂಗತಿ. ವೈರಸ್ಸಿನ ಜೀನುಗಳನ್ನು ಓದಿಸಲು ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನು ಕೋಶಕೇಂದ್ರದೊಳಗೆ ಬರಬೇಕು, ಆದರೆ ವಿಶ್ರಾಂತಿಯಲ್ಲಿರುವ ಕೋಶದಲ್ಲಿ ಅದನ್ನು ಐಕಪ್ಪಾಬಿ ಎಂಬ ಇನ್ನೊಂದು ಪ್ರೋಟೀನು ಹೊರಗೇ ಹಿಡಿದಿಟ್ಟಿರುತ್ತದೆ. ಒಳಗೆ ಪಿ50 ಎಂಬುದರ ಜೋಡಿ ವೈರಸ್ಸಿನ ಡಿಎನ್‌ಎಯ ಆರಂಭದ ಭಾಗದಲ್ಲಿ ಕುಳಿತು ಎಚ್‌ಡಿಎಸಿ ಕಿಣ್ವಗಳನ್ನು ಬರಮಾಡಿಕೊಳ್ಳುತ್ತದೆ. ಅವು, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನು ಎಂಬ ಪ್ರೋಟೀನುಗಳ ಮೇಲಿನ ಅಸಿಟೈಲ್ ಗುರುತುಗಳನ್ನು ತೆಗೆದುಹಾಕುವುದರಿಂದ ಡಿಎನ್‌ಎ ಬಿಗಿಯಾಗಿ ಸುತ್ತಿಕೊಂಡು, ಓದುವ ಕಿಣ್ವಕ್ಕೆ ಎಡೆಯೇ ಸಿಗದಂತಾಗುತ್ತದೆ. ಹೇಗೋ ಓದು ಆರಂಭವಾದರೂ ಎನ್‌ಇಎಲ್‌ಎಫ್ ಎಂಬ ಪ್ರೋಟೀನು ಅದನ್ನು ಸ್ವಲ್ಪ ದೂರದಲ್ಲೇ ತಡೆಯುತ್ತದೆ. ಆ ತಡೆ ಬಿಡಿಸಬಲ್ಲ ಪಿ-ಟಿಇಎಫ್‌ಬಿ ಎಂಬ ಜೋಡಿ ಪ್ರೋಟೀನು ಹೆಕ್ಸಿಮ್1 ಮತ್ತು 7ಎಸ್‌ಕೆ ಎಂಬ ಆರ್‌ಎನ್‌ಎಯ ಹಿಡಿತದಲ್ಲಿರುತ್ತದೆ. ಇವುಗಳಲ್ಲಿ ಯಾವುದೂ ವೈರಸ್ಸಿಗಾಗಿ ಹುಟ್ಟಿದ್ದಲ್ಲ. ಕೋಶದ ನಿತ್ಯದ ಕೆಲಸವನ್ನು ಮಾಡುತ್ತಲೇ ಇವು ವೈರಸ್ಸನ್ನೂ ಮಲಗಿಸಿಡುತ್ತವೆ. ಮುಂದೊಂದು ದಿನ ಬೇರೆ ಯಾವುದೋ ಸೋಂಕಿಗೆ ಆ ಕೋಶ ಎಚ್ಚೆತ್ತರೆ ಐಕಪ್ಪಾಬಿ ನಾಶವಾಗಿ ಎನ್‌ಎಫ್-ಕಪ್ಪಾಬಿ ಒಳಗೆ ಬರುತ್ತದೆ, ವೈರಸ್ಸು ಟ್ಯಾಟ್ ಎಂಬ ತನ್ನ ಪ್ರೋಟೀನನ್ನು ತಯಾರಿಸಿ ಪಿ-ಟಿಇಎಫ್‌ಬಿಯನ್ನು ಹೆಕ್ಸಿಮ್‌ನಿಂದ ಕಿತ್ತುಕೊಳ್ಳುತ್ತದೆ, ಅಲ್ಲಿಂದ ಮುಂದೆ ಹೊಸ ವೈರಸ್ಸುಗಳು ಹೊರಬೀಳುತ್ತವೆ.

ಮಾತ್ರೆ ನುಂಗುವವರಲ್ಲಿ ಆ ಹೊಸ ವೈರಸ್ಸು ಇನ್ನೊಂದು ಕೋಶವನ್ನು ಹಿಡಿಯಲಾರದು. ಬಿಟ್ಟವರಲ್ಲಿ ಹಿಡಿಯುತ್ತದೆ, ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ರಕ್ತದ ತುಂಬ ಹರಡುತ್ತದೆ. 1997ರಲ್ಲೇ ಸಂಶೋಧಕರು, ಚಿಕಿತ್ಸೆಯಿಂದ ವೈರಸ್ ಕಾಣೆಯಾದವರ ವಿಶ್ರಾಂತ ಕೋಶಗಳಿಂದ ಜೀವಂತ ವೈರಸ್ಸನ್ನು ಹೊರತೆಗೆದು ತೋರಿಸಿದ್ದರು. ಅಂಥ ಕೋಶಗಳು ಸುಮಾರು 10 ಲಕ್ಷಕ್ಕೊಂದರಷ್ಟು ವಿರಳ, ಆದರೂ ಅವುಗಳ ಸಂಖ್ಯೆ ಅರ್ಧಕ್ಕಿಳಿಯಲು ಸುಮಾರು 44 ತಿಂಗಳು ಬೇಕು. 2010ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಹುಟ್ಟಿದ ಸೋಂಕಿತ ಮಗುವೊಂದು ಮಾತ್ರೆಯಿಲ್ಲದೆ ಎರಡು ವರ್ಷಕ್ಕೂ ಹೆಚ್ಚು ಕಾಲ ವೈರಸ್ ಕಾಣದಂತೆ ಇದ್ದುದರಿಂದ ಗುಣವಾಯಿತೆಂದೇ ಜಗತ್ತು ನಂಬಿತ್ತು. 2014ರಲ್ಲಿ ವೈರಸ್ಸು ಮರಳಿತು. ಅಷ್ಟು ಪರಿಣತ ವೈದ್ಯರ ಕಣ್ಣೆದುರೇ ಹೀಗಾಗಿರುವಾಗ, ಒಂದು ಹಾಳೆ ತೋರಿಸಿ ಮಾತ್ರೆ ಬಿಡಿ ಎನ್ನಲು ಇವರಿಗೆ ಧೈರ್ಯವಾದರೂ ಎಲ್ಲಿಂದ ಬಂತು?

ಜೀವನಪರ್ಯಂತ ಮಾತ್ರೆ ನುಂಗಿದರೆ ಲಿವರ್, ಕಿಡ್ನಿ ಹಾಳಾಗುವುದಿಲ್ಲವೇ ಎಂಬ ಪ್ರಶ್ನೆಯೂ ಅಲ್ಲಿ ಬಂತು. ಕೇಳಬೇಕಾದ ಪ್ರಶ್ನೆಯೇ. ಆದರೆ ಇದಕ್ಕೆ ಉತ್ತರ 2006ರಲ್ಲೇ ಸಿಕ್ಕಿದೆ. 5,000ಕ್ಕೂ ಹೆಚ್ಚು ಜನರನ್ನೊಳಗೊಂಡ ಸ್ಮಾರ್ಟ್ ಎಂಬ ಅಧ್ಯಯನದಲ್ಲಿ, ನಡುನಡುವೆ ಮಾತ್ರೆ ನಿಲ್ಲಿಸಿದವರಲ್ಲೇ ಸಾವು ಹೆಚ್ಚಿತು; ಹೃದಯ, ಕಿಡ್ನಿ, ಲಿವರಿನ ತೀವ್ರ ತೊಂದರೆಗಳೂ ಅವರಲ್ಲೇ ಹೆಚ್ಚಾದವು. ಅಧ್ಯಯನವನ್ನೇ ಅವಧಿಗೆ ಮುಂಚೆ ನಿಲ್ಲಿಸಬೇಕಾಯಿತು.

ಮಲಗಿದ ವೈರಸ್ಸನ್ನು ಬೇಕೆಂದೇ ಎಬ್ಬಿಸಿ ಆ ಕೋಶವನ್ನು ಕೊಲ್ಲುವ ಪ್ರಯತ್ನವೂ ನಡೆದಿದೆ. ಎಚ್‌ಡಿಎಸಿಯನ್ನು ತಡೆಯುವ ವೊರಿನೊಸ್ಟಾಟ್ ಎಂಬ ಕ್ಯಾನ್ಸರ್ ಔಷಧಿ ವೈರಸ್ಸನ್ನು ಎಬ್ಬಿಸಿತು ಎಂದು 2012ರಲ್ಲಿ ತಿಳಿದಾಗ ನಾನೂ ಸಂತೋಷಪಟ್ಟಿದ್ದೆ, ಆದರೆ ಅಡಗಿದ ಕೋಶಗಳು ಅದರಿಂದ ಕಡಿಮೆಯಾಗಲಿಲ್ಲ. ಈಗ ಕೆಲವರು ಇದಕ್ಕೆ ತದ್ವಿರುದ್ಧವಾಗಿ, ವೈರಸ್ಸು ಎಂದೂ ಏಳದಂತೆ ಶಾಶ್ವತವಾಗಿ ಮಲಗಿಸುವ ದಾರಿ ಹುಡುಕುತ್ತಿದ್ದಾರೆ. ಅದು ಕೈಗೂಡುವ ತನಕ ಚಿಕಿತ್ಸೆ ಬಿಡುವಂತಿಲ್ಲ.

ಆ ಸಭೆಯಲ್ಲಿ ತನ್ನ ವಿಷಯವನ್ನು ಯಾರಿಗೂ ಹೇಳದೆ ಕುಳಿತಿದ್ದವರು ಒಬ್ಬರಾದರೂ ಇದ್ದಿರಬಹುದು ಎಂಬುದೇ ನನ್ನ ಸಂಕಟ. ಅವರಿಗೆ ನಾನು ಹೇಳುವುದು ಇಷ್ಟು: ವರದಿಯಲ್ಲಿ ವೈರಸ್ ಕಾಣದಿರುವುದು ನಿಮ್ಮ ಮಾತ್ರೆಯ ಫಲ, ಹಾಗಿರುವವರೆಗೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಮಾತ್ರೆ ದೇಹಕ್ಕೆ ಒಗ್ಗದಿದ್ದರೆ ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದ ವೈದ್ಯರಿಗೆ ತಿಳಿಸಿ, ಅವರು ಬೇರೆ ಮಾತ್ರೆ ಬರೆದುಕೊಡುತ್ತಾರೆ. ಅಲ್ಲಿಗೆ ಹೋಗಲು ಸಂಕೋಚವಾದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ ಕೇಳಿ.