ಪ್ರಬಂಧ ಒಮ್ಮೆ ವಾಪಸ್ ಬರಲಿ

ನಮ್ಮ ಚಿಕ್ಕಮಗಳೂರು, ಹಾಸನದ ಕಡೆ ಕಾಲೇಜಿನ ಮಕ್ಕಳು ಪ್ರಬಂಧ ಒಪ್ಪಿಸುವ ಮುಂಚೆ ಪಡುವ ಶ್ರಮವೆಲ್ಲ ಫೇರ್ ಕಾಪಿಗೆ. ಎ4 ಹಾಳೆ, ಮಾರ್ಜಿನ್ ಗೆರೆ, ಎರಡು ಬಣ್ಣದ ಪೆನ್ನು. ವಿಚಾರ ಮಾತ್ರ ಮೊದಲ ಸಲ ಹೇಗೆ ಬಂತೋ ಹಾಗೇ ಹೋಗುತ್ತದೆ. ನಾನಿರುವ ಅಮೆರಿಕದಲ್ಲಿ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ರೈಟಿಂಗ್ ಸೆಂಟರ್ ಇರುತ್ತದೆ. ಕರಡು ಹಿಡಿದು ಹೋದರೆ ಅಲ್ಲಿ ಕೂತವರು ಸಾಮಾನ್ಯವಾಗಿ ಪೆನ್ನು ಮುಟ್ಟುವುದಿಲ್ಲ. ಗಟ್ಟಿಯಾಗಿ ಓದಿಸುತ್ತಾರೆ, ಪ್ರಶ್ನೆ ಕೇಳುತ್ತಾರೆ. ತಿದ್ದಬೇಕಾದವರು ಬರೆದವರೇ.

ಇದು ನಮ್ಮಲ್ಲೂ ನಡೆಯುತ್ತದೆ ಅಂತ ಖಾತ್ರಿಯಾದದ್ದು ಬಿಎ ಓದುವ ಅಕ್ಕನ ಮಗಳ ಪ್ರಬಂಧದಿಂದ. ವಿಷಯ, ಕಾಫಿ ಬೆಳೆಗಾರರ ಸಮಸ್ಯೆ. ‘ಭಾರತವು ಕೃಷಿ ಪ್ರಧಾನ ದೇಶ’ ಎಂದು ಶುರು. ಬಾಬಾಬುಡನ್ ತಂದ ಏಳು ಬೀಜದ ಕಥೆ, ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಸಂಶೋಧನಾ ಕೇಂದ್ರ, ಎರಡು ಪುಟ ಹೀಗೇ. ಮೂರನೇ ಪುಟದಲ್ಲಿ ‘ಮಳೆಯಿಂದ ಬೆಳೆಗಾರರಿಗೆ ನಷ್ಟ’ ಎಂಬ ಒಂದೇ ಸಾಲು. ಫೋನಿನಲ್ಲಿ ಓದಿಸಿ, “ಯಾವ ಮಳೆ ಪುಟ್ಟಿ?” ಅಂದೆ.

“ಅಯ್ಯೋ ಮಾವ, ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಸರಿಯಾಗಿ ಬರ್ಲಿಲ್ಲ ಅಂದ್ರೆ ಕಾಯಿ ಕಚ್ಚಲ್ಲ. ಡಿಸೆಂಬರ್‌ನಲ್ಲಿ ಬಂದ್ರೆ ಗಿಡದಲ್ಲಿರೋ ಹಣ್ಣು ಉದುರುತ್ತೆ, ಕಣದಲ್ಲಿ ಹರಡಿದ್ದಕ್ಕೆ ಬೂಸ್ಟು ಹಿಡಿಯುತ್ತೆ,” ಅಂತ ಒಂದೇ ಉಸಿರಿಗೆ ಹೇಳಿದಳು. ಇದರಲ್ಲಿ ಒಂದಕ್ಷರವೂ ಹಾಳೆಯ ಮೇಲಿರಲಿಲ್ಲ! ಕೃಷಿ ಪ್ರಧಾನ ದೇಶ ಹೋಯಿತು, ಮಳೆ ಮೊದಲ ಪುಟಕ್ಕೆ ಬಂತು, ಏಳು ಬೀಜ ಅರ್ಧ ಸಾಲಿಗೆ ಇಳಿಯಿತು. ನಾನು ಒಂದು ಪದವನ್ನೂ ಬರೆದುಕೊಡಲಿಲ್ಲ.

ಅಮೆರಿಕದ್ದೆಲ್ಲ ಒಳ್ಳೆಯದು ಎನ್ನಲಾರೆ. ಕಾಲೇಜು ಸೇರಲು ಬರೆಯುವ 650 ಪದಗಳ ಮಿತಿಯ ಪ್ರಬಂಧವನ್ನು ತಿದ್ದಿಸಲು ದುಡ್ಡಿದ್ದವರು ಖಾಸಗಿ ಸಲಹೆಗಾರರನ್ನೇ ಹಿಡಿಯುತ್ತಾರೆ. ಅದು ನಮಗೆ ಬೇಡ.

ನಮಗೆ ಬೆಂಚಿನ ಪಕ್ಕದ ಗೆಳತಿ ಸಾಕು. ಹಾಳೆ ಅದಲು ಬದಲು ಮಾಡಿಕೊಂಡು, ಪ್ರತಿ ಪ್ಯಾರಾದ ಪಕ್ಕ ಅದು ಏನು ಹೇಳುತ್ತಿದೆ ಎಂದು ಪೆನ್ಸಿಲ್‌ನಲ್ಲಿ ಒಂದು ಸಾಲು ಬರೆಯಲಿ. ಬರೆಯಲು ಏನೂ ತೋಚದಿದ್ದರೆ ಆ ಪ್ಯಾರಾ ತೆಗೆಯಬಹುದು. ಎರಡು ಕಡೆ ಒಂದೇ ಸಾಲು ಬಂದರೆ ಎರಡನ್ನೂ ಸೇರಿಸಬಹುದು. ಒತ್ತಕ್ಷರ, ಅಲ್ಪಪ್ರಾಣ ಮಹಾಪ್ರಾಣ ಕೊನೆಯ ದಿನ ನೋಡಿದರಾಯಿತು. ತೆಗೆದುಹಾಕುವ ಪ್ಯಾರಾದ ಕಾಗುಣಿತ ತಿದ್ದಿ ಏನು ಪ್ರಯೋಜನ?

ಉಪನ್ಯಾಸಕರ ಮೇಲೆ ಎಷ್ಟು ಹೊರೆಯಿದೆ ಎಂಬುದು ಗೊತ್ತಿದೆ. ಆದರೂ ಒಂದು ಕೋರಿಕೆ. ಅಂಕ ಹಾಕುವ ಒಂದು ವಾರ ಮುಂಚೆ ಮೊದಲ ಪುಟವನ್ನಷ್ಟೇ ತರಿಸಿಕೊಂಡು, ಒಂದೇ ಒಂದು ಪ್ರಶ್ನೆ ಬರೆದು ವಾಪಸ್ ಕೊಡಿ.