ಬರೆದವರನ್ನು ಅನುಮಾನಿಸಿ, ಬರೆದುಕೊಟ್ಟವರನ್ನು ನಂಬಿದ ಕಥೆ

ಕಪ್ಪು ಹೆಣ್ಣಿನ ಅಸ್ಮಿತೆಯ ಮಾತು ಬಂದರೆ ಸಾಕು, ಗುಲಾಮಗಿರಿಯಿಂದ ಬಿಡಿಸಿಕೊಂಡು ಅದರ ವಿರುದ್ಧ ದನಿಯೆತ್ತಿದ ಅಮೆರಿಕದ ಸೋಜರ್ನರ್ ಟ್ರುತ್ ಅವರ ‘ನಾನು ಹೆಂಗಸಲ್ಲವೇ?’ ಎಂಬ ಸಾಲು ಹಾಜರಾಗುತ್ತದೆ. ಮಹಿಳಾ ದಿನದ ಪೋಸ್ಟರುಗಳಿಗಂತೂ ಅದು ಬೇಕೇ ಬೇಕು. ತೊಂದರೆಯೆಂದರೆ, ಅವರು ಆ ಮಾತನ್ನು ಆಡಿದರೆಂದು ನಂಬಲು ಗಟ್ಟಿ ಆಧಾರವೇ ಇಲ್ಲ.

ಆ ಮಾತು ಬಂತೆನ್ನಲಾದ ಭಾಷಣ ನಡೆದದ್ದು 1851ರ ಮೇ ತಿಂಗಳಲ್ಲಿ, ಒಹಾಯೋದ ಆಕ್ರನ್ ಊರಿನ ಮಹಿಳಾ ಹಕ್ಕುಗಳ ಸಮಾವೇಶದಲ್ಲಿ. ತಿಂಗಳು ತುಂಬುವುದರೊಳಗೆ, ಜೂನ್ 21ರಂದು, ಮಾರಿಯಸ್ ರಾಬಿನ್ಸನ್ ‘ಆಂಟಿ ಸ್ಲೇವರಿ ಬ್ಯೂಗಲ್’ ಪತ್ರಿಕೆಯಲ್ಲಿ ಅದರ ವರದಿ ಕೊಟ್ಟರು. ಅದರಲ್ಲಿ ಈ ಪ್ರಶ್ನೆ ಒಂದು ಸಲವೂ ಬರುವುದಿಲ್ಲ. ಬರುವುದು 12 ವರ್ಷ ಕಳೆದ ಮೇಲೆ, 1863ರ ಏಪ್ರಿಲ್‌ನಲ್ಲಿ, ಅಂದು ಅಧ್ಯಕ್ಷತೆ ವಹಿಸಿದ್ದ ಫ್ರಾನ್ಸಸ್ ಗೇಜ್ ಎಂಬ ಬಿಳಿ ಮಹಿಳೆ ಬರೆದ ಭಾಷಣಪಾಠದಲ್ಲಿ. ಗೇಜ್ ಟ್ರುತ್ ಬಾಯಲ್ಲಿ ಅಮೆರಿಕದ ದಕ್ಷಿಣದ ಗುಲಾಮತೋಟಗಳ ಆಡುನುಡಿ ಆಡಿಸುತ್ತಾರೆ. ಟ್ರುತ್ ಹುಟ್ಟಿ ಬೆಳೆದದ್ದು ನ್ಯೂಯಾರ್ಕ್ ರಾಜ್ಯದಲ್ಲಿ, ಮೊದಲು ಕಲಿತದ್ದು ಡಚ್ ಭಾಷೆ! ಗೇಜ್ ಲೆಕ್ಕದಲ್ಲಿ ಅವರಿಗೆ 13 ಮಕ್ಕಳು. ಟ್ರುತ್ ಸ್ವತಃ ಹೇಳಿ ಬರೆಸಿ 1850ರಲ್ಲಿ ಅಚ್ಚಾದ ಕಥನದಲ್ಲಿ ಐದೇ. ಅವರಿಗೆ ಓದುಬರಹ ಬರುತ್ತಿರಲಿಲ್ಲವಾದ್ದರಿಂದ ಆ ಕಥನವನ್ನೂ ಆಲಿವ್ ಗಿಲ್ಬರ್ಟ್ ಬರೆದರು, ಅದೂ ‘ಅವಳು’ ಎಂದೇ.

ಹೀಗೆ ಇನ್ನೊಬ್ಬರು ಬರೆದುಕೊಟ್ಟ ದನಿಯನ್ನು ಜಗತ್ತು ಕಣ್ಣುಮುಚ್ಚಿ ನಂಬಿತು. ತಮ್ಮ ಗುಲಾಮಗಿರಿಯ ಕಥೆಯನ್ನು ಸ್ವಂತ ಕೈಯಲ್ಲಿ ಬರೆದ ಹ್ಯಾರಿಯೆಟ್ ಜೇಕಬ್ಸ್ ಅವರನ್ನು ಮಾತ್ರ ನಂಬಲಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಜೇಕಬ್ಸ್ ಹುಟ್ಟಿದ್ದು 1813ರಲ್ಲಿ, ಉತ್ತರ ಕೆರೊಲಿನಾದ ಈಡೆಂಟನ್‌ನಲ್ಲಿ. ಡಾ. ಜೇಮ್ಸ್ ನಾರ್ಕಮ್ ಎಂಬ ವೈದ್ಯನ ಮನೆಯಲ್ಲಿ ಗುಲಾಮಳಾಗಿದ್ದರು. ಆತನ ಲೈಂಗಿಕ ಕಿರುಕುಳ ತಾಳಲಾರದೆ 1835ರಲ್ಲಿ ಪರಾರಿಯಾಗಿ, ಕೊನೆಗೆ ಅದೇ ಊರಿನ ಅಜ್ಜಿಯ ಮನೆಯ ಅಟ್ಟದಲ್ಲಿ ಹೆಚ್ಚುಕಡಿಮೆ ಏಳು ವರ್ಷ ಅಡಗಿದ್ದರು. ಅವರೇ ಕೊಟ್ಟ ಅಳತೆ: ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಅತಿ ಎತ್ತರದ ಕಡೆ ಮೂರು ಅಡಿ. ನಿಲ್ಲುವಂತಿಲ್ಲ. ಕೈಗೆ ಸಿಕ್ಕ ಬೈರಿಗೆಯಿಂದ ಮೂರು ಸಾಲು ತೂತು ಕೊರೆದು, ನಡುವಿನದನ್ನೂ ಕಿತ್ತು, ಇಂಚಗಲದ ಒಂದು ಕಿಂಡಿ ಮಾಡಿಕೊಂಡರು. ಬೀದಿಯಲ್ಲಿ ಓಡಾಡುವ ತಮ್ಮ ಮಕ್ಕಳು ಅವರಿಗೆ ಕಾಣುತ್ತಿದ್ದದ್ದು ಅದರಿಂದ.

ಈ ಅಟ್ಟದ ಬಗ್ಗೆ ಬರೆಯುವವರೆಲ್ಲ ಯಾತನೆಯಲ್ಲೇ ನಿಲ್ಲುತ್ತಾರೆ. ನನಗೆ ಮುಖ್ಯವೆನಿಸುವುದು ಅಲ್ಲಿಂದ ಹೊರಟ ಕಾಗದಗಳು. ಜೇಕಬ್ಸ್ ಹಳೆಯ ನ್ಯೂಯಾರ್ಕ್ ಪತ್ರಿಕೆಯ ತುಣುಕೊಂದರಿಂದ ಬೀದಿಗಳ ಹೆಸರು ಹೆಕ್ಕಿ, ತಾನು ಗುಲಾಮಗಿರಿಯಿಲ್ಲದ ಉತ್ತರದ ರಾಜ್ಯಗಳಲ್ಲಿದ್ದೇನೆ ಎಂಬಂತೆ ಕಾಗದ ಬರೆದು, ನಂಬಿಕಸ್ಥರ ಕೈಲಿ ಅಲ್ಲಿಂದಲೇ ಅಂಚೆಗೆ ಹಾಕಿಸಿದರು. ಒಡೆಯ ಮೋಸಹೋದ. ಅಜ್ಜಿಗೆಂದು ಬಂದ ಕಾಗದವನ್ನು ಬದಲಿಸಿ, ತಾನೇ ಬರೆದ ಇನ್ನೊಂದನ್ನು ‘ನಿನ್ನ ಮೊಮ್ಮಗಳದ್ದು’ ಎಂದು ಓದಿ ಹೇಳಿದ. ಬರೆದಾಕೆ ಅಡಗಿಕೊಂಡೇ ಅದನ್ನು ಕೇಳಿಸಿಕೊಂಡರು. ತನ್ನ ಹೆಸರಿನಲ್ಲಿ ಇನ್ನೊಬ್ಬ ‘ನಾನು’ ಎನ್ನುವುದೆಂದರೇನು ಎಂದು ಅವರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

ಆದ್ದರಿಂದಲೇ ಮುಂದೆ, ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯಿಂದ ಆಗಲೇ ಪ್ರಖ್ಯಾತರಾಗಿದ್ದ ಹ್ಯಾರಿಯೆಟ್ ಬೀಚರ್ ಸ್ಟೋವ್ ಇವರ ಬದುಕನ್ನು ತಮ್ಮ ಪುಸ್ತಕಕ್ಕೆ ಸಾಮಗ್ರಿಯಾಗಿ ಬಳಸಿಕೊಳ್ಳಲು ಹೊರಟಾಗ ಜೇಕಬ್ಸ್ ಒಪ್ಪಲಿಲ್ಲ. ದಿನವಿಡೀ ಉದ್ಯೋಗದಾತರ ಮಕ್ಕಳನ್ನು ನೋಡಿಕೊಂಡು, ರಾತ್ರಿ ಗುಟ್ಟಾಗಿ ಬರೆದರು. 1861ರಲ್ಲಿ ಬಾಸ್ಟನ್‌ನಲ್ಲಿ ‘ಇನ್ಸಿಡೆಂಟ್ಸ್ ಇನ್ ದಿ ಲೈಫ್ ಆಫ್ ಎ ಸ್ಲೇವ್ ಗರ್ಲ್’ ಎಂಬ ಪುಸ್ತಕ ಬಂತು. ಒಳಗೆ ಎಲ್ಲರಿಗೂ ಬದಲಿ ಹೆಸರು, ನಿರೂಪಕಿ ಲಿಂಡಾ ಬ್ರೆಂಟ್. ಮುಖಪುಟದಲ್ಲಿ ‘ಆಕೆಯೇ ಬರೆದದ್ದು’ ಎಂದಿದ್ದರೂ ಸಂಪಾದಕಿಯೆಂದು ಹೆಸರಿದ್ದದ್ದು ಬಿಳಿ ಲೇಖಕಿ ಲಿಡಿಯಾ ಮರಿಯಾ ಚೈಲ್ಡ್ ಅವರದು.

ಅಷ್ಟೇ ಸಾಕಾಯಿತು. ಒಂದು ಶತಮಾನದುದ್ದಕ್ಕೂ ಹಲವರು ಇದನ್ನು ಚೈಲ್ಡ್ ಕಟ್ಟಿದ ಕಾದಂಬರಿ ಎಂದೇ ಎಣಿಸಿದರು. ಗುಲಾಮರ ಬದುಕಿನ ಬಗ್ಗೆ ದೊಡ್ಡ ಕೆಲಸ ಮಾಡಿದ ಇತಿಹಾಸಕಾರ ಜಾನ್ ಬ್ಲಾಸಿಂಗೇಮ್ ಕೂಡ ಇದು ತೀರಾ ಅಚ್ಚುಕಟ್ಟಾಗಿದೆ, ಅತಿನಾಟಕೀಯವಾಗಿದೆ ಎಂದು ಬದಿಗಿಟ್ಟರು. ಬಿಕ್ಕಟ್ಟು ಬಿಡಿಸಿದ್ದು ಸಂಶೋಧಕಿ ಜೀನ್ ಫೇಗನ್ ಯೆಲಿನ್. ಜೇಕಬ್ಸ್ ತಮ್ಮ ಗೆಳತಿ ಏಮಿ ಪೋಸ್ಟ್‌ಗೆ ಬರೆದ ಪತ್ರಗಳು ರಾಚೆಸ್ಟರ್‌ ವಿಶ್ವವಿದ್ಯಾಲಯದಲ್ಲಿದ್ದವು. ಅವನ್ನು ಪುಸ್ತಕದ ಪಕ್ಕಕ್ಕಿಟ್ಟು, ನಾರ್ಕಮ್ ಮನೆತನದ ಕಾಗದಪತ್ರಗಳನ್ನೂ ಜಾಲಾಡಿ, 1981ರಲ್ಲಿ ಲೇಖನ, 1987ರಲ್ಲಿ ಟಿಪ್ಪಣಿಸಹಿತ ಆವೃತ್ತಿ ತಂದರು. ನಾರ್ಕಮ್ ಹೊರಡಿಸಿದ 1835ರ ಜಾಹೀರಾತೂ ಉಳಿದಿದೆ: ಹಿಡಿದುಕೊಟ್ಟವರಿಗೆ 100 ಡಾಲರ್ ಬಹುಮಾನ, ಜೊತೆಗೆ ವಯಸ್ಸು, ಎತ್ತರ, ಮೈಬಣ್ಣ, ಕೂದಲು.

ಬ್ಲಾಸಿಂಗೇಮ್‌ಗೆ ಕೃತಕವೆನಿಸಿದ್ದು ಜೇಕಬ್ಸ್ ಅವರ ಲೆಕ್ಕಾಚಾರವಾಗಿತ್ತು ಅನ್ನುವುದು ನನ್ನ ಅಭಿಪ್ರಾಯ. ಓದುಗರೆಂದು ಅವರು ಎದುರಿಗಿಟ್ಟುಕೊಂಡದ್ದು ಉತ್ತರದ ಬಿಳಿ ಗೃಹಿಣಿಯರನ್ನು. ಒಡೆಯನಿಂದ ತಪ್ಪಿಸಿಕೊಳ್ಳಲು ಇನ್ನೊಬ್ಬ ಬಿಳಿ ಗಂಡಸಿನ ಜೊತೆ ತಾನಾಗಿ ಸಂಬಂಧ ಬೆಳೆಸಿದೆ, ಇಬ್ಬರು ಮಕ್ಕಳಾದವು ಎಂದು ಅವರೆದುರು ಹೇಳಬೇಕಿತ್ತು. ಆದ್ದರಿಂದ ಶೀಲಭಂಗದ ಕಾದಂಬರಿಗಳ ಕಣ್ಣೀರಿನ ಧಾಟಿಯನ್ನೇ ಎತ್ತಿಕೊಂಡರು. ತಪ್ಪೊಪ್ಪಿಗೆಯ ಮಧ್ಯದಲ್ಲೇ, ಗುಲಾಮ ಹೆಣ್ಣನ್ನು ಬೇರೆಯವರ ಅಳತೆಗೋಲಿನಿಂದ ಅಳೆಯಬಾರದು ಎಂದು ವಾದ ಹೂಡಿದರು. ಕೊನೆಗೆ, ನನ್ನ ಕಥೆ ಮುಗಿಯುವುದು ಎಲ್ಲರಂತೆ ಮದುವೆಯಲ್ಲಲ್ಲ, ಸ್ವಾತಂತ್ರ್ಯದಲ್ಲಿ ಎಂದು ಆ ಧಾಟಿಯನ್ನೇ ಮುರಿದರು. ಆ ಸ್ವಾತಂತ್ರ್ಯಕ್ಕೂ 1852ರಲ್ಲಿ ಉದ್ಯೋಗದಾತೆ 300 ಡಾಲರ್ ತೆತ್ತಿದ್ದರು. ಜೇಕಬ್ಸ್ ಕೃತಜ್ಞರಾಗಿದ್ದರು, ತನ್ನನ್ನು ಕೊಳ್ಳಬೇಕಾಯಿತೆಂದು ಕುದಿದರು ಕೂಡ. ಎರಡನ್ನೂ ಮುಚ್ಚಿಡದೆ ಬರೆದರು.

ಓದಬೇಕೆನ್ನುವವರಿಗೆ ಒಂದೆರಡು ಮಾತು. ಮೂಲಪಾಠ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ‘ಡಾಕ್ಯುಮೆಂಟಿಂಗ್ ದಿ ಅಮೆರಿಕನ್ ಸೌತ್’ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ಯಾರ ಬದಲಿ ಹೆಸರು ಯಾವುದು ಎಂದು ತಿಳಿಯಲು ಯೆಲಿನ್ ಆವೃತ್ತಿಯೇ ಬೇಕು. ಚೈಲ್ಡ್ ಅವರ ಪ್ರಸ್ತಾವನೆಯನ್ನೂ ಹಿಂದಿನ ಪುಟಗಳ ಶಿಫಾರಸು ಪತ್ರಗಳನ್ನೂ ಕಡೆಗೆ ಓದಿ. ಮೊದಲೇ ಓದಿದರೆ ಸಾಕ್ಷಿದಾರರ ಕನ್ನಡಕ ಹಾಕಿಕೊಂಡೇ ಒಳಗೆ ಹೋಗುತ್ತೀರಿ. ಮತ್ತೆ ಆ ಮುಕ್ತಾಯ: ಈಗ ಪುಸ್ತಕ ಮುಗಿಯುವುದು ಅಜ್ಜಿಯ ನೆನಪಿನೊಂದಿಗೆ. ಜೇಕಬ್ಸ್ ಕೊನೆಯಲ್ಲಿ ಇಟ್ಟಿದ್ದದ್ದು ಗುಲಾಮಗಿರಿಯ ವಿರುದ್ಧ ಶಸ್ತ್ರ ಹಿಡಿದು 1859ರಲ್ಲಿ ಗಲ್ಲಿಗೇರಿದ ಜಾನ್ ಬ್ರೌನ್ ಕುರಿತ ಅಧ್ಯಾಯವನ್ನು. ಅದು ಬೇಡ, ಅಜ್ಜಿಯ ಸಾವಿನೊಂದಿಗೆ ಮುಗಿಸಿ ಎಂದು ಸಲಹೆ ಕೊಟ್ಟವರು ಚೈಲ್ಡ್.