ಸದ್ದಿಲ್ಲದ ಡಬ್ಬಿ

ಹುಬ್ಬಳ್ಳಿಯ ಹಳೇ ಕಂಪ್ಯೂಟರ್ ಅಂಗಡಿಯಲ್ಲಿ ಆ ಡಬ್ಬಿ ಕಂಡಾಗ ಸೆಟ್‌ಟಾಪ್ ಬಾಕ್ಸ್ ಅಂದುಕೊಂಡಿದ್ದೆ. ಅಂಗೈಗಿಂತ ತುಸು ದೊಡ್ಡದು. 2 ಜಿಬಿ ರ್‍ಯಾಮ್, 32 ಜಿಬಿ ಸ್ಟೋರೇಜ್. ಒಳಗೆ ಫ್ಯಾನ್ ಇಲ್ಲ, ಬಿಸಿಯೆಲ್ಲ ಅಲ್ಯೂಮಿನಿಯಂ ಮುಚ್ಚಳದಿಂದಲೇ ಹೊರಗೆ ಹೋಗಬೇಕು. "ಒಯ್ರಿ ಸರ್ರ, ಜೀವ ಐತೋ ಇಲ್ಲೋ ಅನ್ನೂದೂ ಗೊತ್ತಾಗಂಗಿಲ್ಲ, ಅಷ್ಟು ಶಾಂತ ಐತಿ" ಅಂದ ಅಂಗಡಿಯವ. ಅದನ್ನು ಹೊಗಳಿಕೆ ಅಂತ ತಿಳಿದು 1,800 ರೂಪಾಯಿ ಎಣಿಸಿದೆ. ಚಿಗರಿ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಧಾರವಾಡಕ್ಕೆ ತಂದೆ.

ಮನೆಯವರ ಫೋಟೋ, ಹಾಡು ಎಲ್ಲ ಒಂದೇ ಕಡೆ ಇರಲಿ, ಹಗಲೂ ರಾತ್ರಿ ಓಡಲಿ, ಕರೆಂಟ್ ಜಾಸ್ತಿ ತಿನ್ನಬಾರದು ಅನ್ನೋದು ಲೆಕ್ಕ. ಅದಕ್ಕೆ ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಹಾಕಬೇಕು. ಹಿಂದೆ ಎರಡು ಲ್ಯಾಪ್‌ಟಾಪ್‌ಗೆ ಹಾಕಿದ್ದೆ. ಹಾಗಾಗಿ ಬುದ್ಧಿಗಿಂತ ಧೈರ್ಯ ಜಾಸ್ತಿ ಇತ್ತು.

ಒಂದು ಹಗುರ ಲಿನಕ್ಸ್ ಆರಿಸಿದೆ. ಅದನ್ನು ಹಾಕಲು ಬೇಕಾದ ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಬರೆಯಲು ಸುಲಭದ ಆ್ಯಪ್‌ಗಳಿವೆ. ನಾನು ಅವನ್ನೆಲ್ಲ ಬಿಟ್ಟು ಟರ್ಮಿನಲ್ ತೆಗೆದು 'ಡಿಡಿ' ಕಮಾಂಡ್ ಹೊಡೆದೆ. ಈ ಡಿಡಿ ಮಹಾ ಮೌನಿ. ಎಲ್ಲಿಂದ, ಎಲ್ಲಿಗೆ ಅಂತ ಹೇಳಿದರೆ ಸಾಕು, "ಖರೇನಾ?" ಅಂತ ಒಂದು ಮಾತೂ ಕೇಳದೆ ಬರೆಯುತ್ತಾ ಹೋಗುತ್ತದೆ. ಲ್ಯಾಪ್‌ಟಾಪ್‌ಗೆ ಎರಡು ಪೆನ್‌ಡ್ರೈವ್ ಚುಚ್ಚಿದ್ದೆ. ಲ್ಯಾಪ್‌ಟಾಪ್ ಅವಕ್ಕಿಟ್ಟ ಹೆಸರು, ಒಂದಕ್ಕೆ ಎಸ್‌ಡಿಬಿ, ಇನ್ನೊಂದಕ್ಕೆ ಎಸ್‌ಡಿಸಿ. ಎಸ್‌ಡಿಸಿ ಖಾಲಿ ಇತ್ತು. ಎಸ್‌ಡಿಬಿಯಲ್ಲಿ ನಾದಿನಿಯ ಕುಬಸದ ಫೋಟೋ ಇದ್ದವು.

ಇದ್ದವು.

ಸಂಜೆ ಹೆಂಡತಿ, "ರೀ, ಕುಬಸದ ಫೋಟೋ ಟಿವಿಗೆ ಹಚ್ರಿ, ಅತ್ತಿಯವ್ರು ನೋಡ್ತಾರಂತ" ಅಂದಳು. ಮುಂದಿನದನ್ನು ಬರೆಯುವುದಿಲ್ಲ. ಪುಣ್ಯಕ್ಕೆ ಫೋಟೋಗ್ರಾಫರ್ ಹತ್ತಿರ ಕಾಪಿ ಇತ್ತು. ನಾದಿನಿಯ ಮನೆಗೆ ಅರ್ಧ ಕೆಜಿ ಪೇಢೆ ಹೋಯಿತು.

ಇಷ್ಟು ಮಾಡಿ ಹಾಕಿದ ಆ ಹಗುರ ಲಿನಕ್ಸ್ ಡಬ್ಬಿಯಲ್ಲಿ ಏಳಲೇ ಇಲ್ಲ. ಎರಡು ದಿನ ಕೆದಕಿದ ಮೇಲೆ ರೋಗ ಸಿಕ್ಕಿತು. ಪ್ರೊಸೆಸರ್ 64 ಬಿಟ್‌ನದು, ಬಟನ್ ಒತ್ತಿದಾಗ ಯಂತ್ರವನ್ನು ಎಬ್ಬಿಸುವ ಯುಇಎಫ್‌ಐ ಅನ್ನೋ ತಂತ್ರಾಂಶ ಮಾತ್ರ 32 ಬಿಟ್‌ನದು. 2013ರ ಆಸುಪಾಸಿನಿಂದ ಬಂದ ಅಗ್ಗದ ಪುಟ್ಟ ಯಂತ್ರಗಳಲ್ಲಿ ಕೆಲವಕ್ಕೆ ಇದೇ ಜಾತಕ. ನಮ್ಮ ಅಜ್ಜನ ಮನೆಯೂ ಹೀಗೇ ಇತ್ತು. ಒಳಗೆ ಐವತ್ತು ಮಂದಿ ಉಣ್ಣಲು ಕೂರುವ ಪಡಸಾಲೆ, ಬಾಗಿಲು ಮಾತ್ರ ಗಿಡ್ಡ. ಬಗ್ಗದೆ ಬಂದ ಬೀಗರ ಹಣೆಗೆಲ್ಲ ಬುಗುಟಿ. ಇಲ್ಲಿ ಬಗ್ಗುವುದಕ್ಕೆ 'ಬೂಟ್‌ಐಎ32' ಅನ್ನೋ ಸಣ್ಣ ಫೈಲ್ ಬೇಕು. ಈ ಸಲ ಡೆಬಿಯನ್ ಅನ್ನೋ ಇನ್ನೊಂದು ಬಗೆಯ ಲಿನಕ್ಸ್ ಇಳಿಸಿಕೊಂಡು, ಆ ಫೈಲ್ ಒಳಗಿದೆಯಾ ಅಂತ ನೋಡಿದ ಮೇಲೇ ಮುಂದುವರಿದೆ. ಎಸ್‌ಡಿಸಿ ಅಂತ ಮೂರು ಸಲ ಓದಿಕೊಂಡೆ.

ಡೆಬಿಯನ್ ಶುರುವಾದದ್ದು 1993ರಲ್ಲಿ. ಶುರು ಮಾಡಿದ ಇಯಾನ್ ಮರ್ಡಾಕ್, ಆಗ ಗೆಳತಿಯಾಗಿದ್ದ ಡೆಬ್ರಾ ಹೆಸರನ್ನು ಮುಂದಿಟ್ಟು ತನ್ನದನ್ನು ಹಿಂದೆ ಜೋಡಿಸಿದ. ಇದನ್ನು ಹೆಂಡತಿಗೆ ಹೇಳಿದ್ದೇ ತಪ್ಪಾಯಿತು. "ಅಂವ ಹೆಸರು ಇಟ್ಟ. ನೀವು ಕುಬಸ ಅಳಿಸಿದ್ರಿ" ಅಂದಳು.

ಡಬ್ಬಿಯನ್ನು ಟಿವಿಗೆ ಜೋಡಿಸಿ ಬಟನ್ ಒತ್ತಿದೆ. ಪರದೆ ಕಪ್ಪು. ಸಾದಾ ಕಂಪ್ಯೂಟರ್ ಆಗಿದ್ದರೆ ಫ್ಯಾನ್ ಗುಂಯ್ ಅನ್ನುತ್ತದೆ, ಹಾರ್ಡ್ ಡಿಸ್ಕ್ ಕಟಕಟ ಅನ್ನುತ್ತದೆ, ಏನೋ ನಡೀತಿದೆ ಅಂತ ಸಮಾಧಾನ. ಇದು ಕಲ್ಲು. ಕಿವಿ ಹಚ್ಚಿ ಕೇಳಿದೆ. ವೈರ್ ಕಿತ್ತು ಮತ್ತೆ ಚುಚ್ಚಿದೆ, ಮೂರು ಸಲ. ಸತ್ತೇ ಹೋಯ್ತು ಅಂತ ಕೂತಾಗ ಅವ್ವ ಬಂದು, ಮಕ್ಕಳ ಜ್ವರ ನೋಡುವಂತೆ ಅಂಗೈ ಹಿಂಭಾಗವನ್ನು ಮುಚ್ಚಳಕ್ಕೆ ತಾಗಿಸಿದಳು. "ಬೆಚ್ಚಗ ಐತಲ್ಲೋ. ಜೀವ ಐತಿ ಬಿಡು." ಆಮೇಲೆ ರಿಮೋಟ್ ತಗೊಂಡು ಒಂದು ಗುಂಡಿ ಒತ್ತಿದಳು. ಧಾರಾವಾಹಿಗೆ ಅಂತ ಅವಳೇ ಟಿವಿಯನ್ನು ಒಂದನೇ ಎಚ್‌ಡಿಎಂಐಗೆ ಹಾಕಿದ್ದಳು, ಡಬ್ಬಿ ಎರಡನೆಯದರಲ್ಲಿತ್ತು. ಇನ್‌ಸ್ಟಾಲರ್ ಪಾಪ, ಪ್ರತಿ ಸಲವೂ ಎದ್ದು ಬಂದು ಭಾಷೆ ಯಾವುದು ಅಂತ ಕೇಳಿ ಕಾಯುತ್ತಾ ಕೂತಿತ್ತು.

ಪಟ್ಟಿಯಲ್ಲಿ ಕನ್ನಡ ಇದೆ. ಖುಷಿಯಿಂದ ಅದನ್ನೇ ಆರಿಸಿದೆ. ವೈಫೈ ತಾನಾಗೇ ಸಿಕ್ಕಿತು. 2023ರ ಡೆಬಿಯನ್ 12ರಿಂದ ವೈಫೈ ಚಿಪ್ ನಡೆಸುವ ತಂತ್ರಾಂಶ, ಅಂದರೆ ಫರ್ಮ್‌ವೇರ್, ಇನ್‌ಸ್ಟಾಲರ್ ಜೊತೆಗೇ ಬರುತ್ತದೆ. ಮೊದಲಾಗಿದ್ದರೆ ಅದಕ್ಕೂ ಒಂದು ಪೆನ್‌ಡ್ರೈವ್ ಬಲಿ ಬೀಳುತ್ತಿತ್ತೇನೋ. ಮುಂದೆ ಡಿಸ್ಕ್ ವಿಭಾಗ ಮಾಡುವ ಪ್ರಶ್ನೆ ಬಂತು. ಸೋಫಾದಿಂದಲೇ ಓದಿದ ಅವ್ವನ ಮುಖ ಸಣ್ಣದಾಯಿತು. "ಯಾರ ಮನಿ ಪಾಲು ಮಾಡಾಕತ್ತಿಯೋ?" ಪಾಲಲ್ಲ, ಎಲ್ಲ ಒಟ್ಟಿಗೇ ಇರತೈತಿ ಅಂತ ಒಂದೇ ವಿಭಾಗ ಆರಿಸಿ ತೋರಿಸಿದೆ. ಬೇರೆ ಬೇರೆ ಮಾಡುವುದು ಒಳ್ಳೆಯದು ಅಂತ ಗೊತ್ತಿತ್ತು, ಆದರೆ ಆ ಹೊತ್ತಿನಲ್ಲಿ ವಾದ ಬೇಡ ಅನ್ನಿಸಿತು.

ಎರಡು ತಿಂಗಳಿಂದ ಡಬ್ಬಿ ಟಿವಿ ಹಿಂದೆ ತೆಪ್ಪಗೆ ಕೂತಿದೆ. ಮೊನ್ನೆ ಡಿಸೆಂಬರಿನ ರಾತ್ರಿ, ಹೊರಗೆ ಕೈ ಮರಗಟ್ಟುವ ಥಂಡಿ. ಅಪ್‌ಡೇಟ್ ಮಾಡಿ, ಒಮ್ಮೆ ಬಂದ್ ಮಾಡಿ ಧೂಳು ಒರೆಸೋಣ ಅಂತ ಕೈ ಚಾಚಿದೆ. ಬೆರಳಿಗೆ ಸ್ಟೀಲ್ ಪಾತ್ರೆ ತಾಗಿತು. ಸರಿಯಾಗಿ ಮುಚ್ಚಳದ ನಡುವೆ ಕೂತಿದೆ, ಮೇಲೊಂದು ತಾಟು ಮುಚ್ಚಿದೆ.

ಒಳಗಿನಿಂದ ಅವ್ವನ ದನಿ ಬಂತು: "ಅದನ್ನ ಆರಿಸಬ್ಯಾಡಪಾ, ಹೆಪ್ಪು ಹಾಕೀನಿ."